ಯಕೃತ್ತಿನ ಹುಳುವಿನಲ್ಲಿ ಎರಡು ಬಾಲಗಳನ್ನು ಹುಡುಕಿದ್ದು

ಕಾಫಿ ತುಂಬಿಸುವ ಫ್ಲಾಸ್ಕಿಗೆ ಬಿಸಿ ಉಪ್ಪುನೀರು ತುಂಬಿಕೊಂಡು ಚಿಕ್ಕಮಗಳೂರಿನಿಂದ ಹಾಸನದ ಮೊದಲ ಬಸ್ಸು ಹಿಡಿಯುವುದು ಸುಮಾರು ಒಂದೂವರೆ ವರ್ಷ ನನ್ನ ಭಾನುವಾರಗಳ ದಿನಚರಿಯಾಗಿತ್ತು. ಬೇಲೂರು ದಾಟುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಹಾಸನದಲ್ಲಿ ಇಳಿದು ನೇರವಾಗಿ ಕುರಿ ಮಾಂಸದ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯ ಭಾಯಿ ನನಗಾಗಿ ಒಂದು ಸ್ಟೀಲ್ ತಟ್ಟೆಯನ್ನು ಬೇರೆಯಾಗಿಯೇ ಇಟ್ಟಿರುತ್ತಿದ್ದರು. ಗಿರಾಕಿಗಳಿಗೆ ಕೊಡಲಾಗದೆ ಎಸೆಯಬೇಕಾಗಿದ್ದ, ಹುಳು ಬಿದ್ದ ಕಲೀಜಗಳು ಅದರಲ್ಲಿರುತ್ತಿದ್ದವು. ಮೊದಲ ದಿನ ನಾನು ಬಂದ ಕಾರಣ ಹೇಳಿದಾಗ ಅವರು ಚಾಕು ಕೆಳಗಿಟ್ಟು, "ಒಳ್ಳೆಯದನ್ನು ಕೇಳುವವರನ್ನು ನೋಡಿದ್ದೇನೆ ಮೇಡಂ, ಕೆಟ್ಟದ್ದನ್ನೇ ಹುಡುಕಿಕೊಂಡು ಬಂದವರು ನೀವೊಬ್ಬರೇ" ಎಂದಿದ್ದರು. ಆಮೇಲೆ ಒಂದು ಭಾನುವಾರವೂ ಅವರು ತಟ್ಟೆ ಇಡಲು ಮರೆಯಲಿಲ್ಲ.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಿದ್ದೆ. ವಿಷಯ ಚಪ್ಪಟೆ ಹುಳುಗಳ ವೀರ್ಯಾಣು: ಅದು ಹೇಗೆ ಬೆಳೆಯುತ್ತದೆ, ಅದರ ಒಳಗಿನ ಕಟ್ಟು ಹೇಗಿದೆ, ಆ ಕಟ್ಟಿನಿಂದ ಹುಳುಗಳ ನಡುವಿನ ನಂಟನ್ನು ಎಷ್ಟರಮಟ್ಟಿಗೆ ತಿಳಿಯಬಹುದು ಎಂಬುದು. ಮನೆಯವರಿಗೆ ಈ ವಿಷಯವನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಪ್ಪಯ್ಯ ಮಾತ್ರ, "ಕೆಂಪಿಯನ್ನು ತಿಂದ ಹುಳುವೇ?" ಎಂದು ಕೇಳಿದರು.

ಹೌದು, ಅದೇ ಯಕೃತ್ತಿನ ಹುಳು. ಅದೂ ಒಂದು ಚಪ್ಪಟೆ ಹುಳುವೇ. ಮೂಡಿಗೆರೆ ಕಡೆಯ ನಮ್ಮ ಊರಿನಲ್ಲಿ ಗದ್ದೆಯ ಬದುವಿನ ಹುಲ್ಲು ಮೇಯುವ ದನಗಳಿಗೆ ಅದು ತಪ್ಪಿದ್ದಲ್ಲ. ಗದ್ದೆಯ ನೀರಿನ ಬಸವನಹುಳುವಿನೊಳಗೆ ಅದರ ಮರಿಗಳು ಬೆಳೆದು ಹೊರಬಂದು ಹುಲ್ಲಿಗೆ ಅಂಟಿಕೊಳ್ಳುತ್ತವೆ. ಹುಲ್ಲಿನೊಡನೆ ಹೊಟ್ಟೆ ಸೇರಿ, ಯಕೃತ್ತನ್ನು ಕೊರೆದುಕೊಂಡು ಪಿತ್ತನಾಳದಲ್ಲಿ ನೆಲೆಸುತ್ತವೆ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಹಸು ಕೆಂಪಿಯ ದವಡೆಯ ಕೆಳಗೆ ನೀರು ತುಂಬಿ ಚೀಲದಂತೆ ಜೋತುಬಿತ್ತು. ಪಶುವೈದ್ಯರು ಬರುವ ಹೊತ್ತಿಗೆ ಅದು ನಿಲ್ಲಲೂ ಆಗದ ಸ್ಥಿತಿಯಲ್ಲಿತ್ತು. ಸತ್ತ ಮೇಲೆ ವೈದ್ಯರು ಯಕೃತ್ತನ್ನು ಸೀಳಿ ತೋರಿಸಿದರು. ಬೇವಿನ ಎಲೆಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದಂತಹ ಕಂದು ಹುಳುಗಳು ಅಲ್ಲಿ ಮೆಲ್ಲಗೆ ಮಡಚಿಕೊಳ್ಳುತ್ತಿದ್ದವು. ನನಗೆ ಅಳು ಬಂದಿತ್ತು. ಆದರೂ ಕಣ್ಣು ತೆಗೆಯಲು ಆಗಿರಲಿಲ್ಲ.

ಅದರ ಹೆಸರು ಫ್ಯಾಸಿಯೋಲಾ ಜೈಗ್ಯಾಂಟಿಕಾ. ಕಾಬೋಲ್ಡ್ ಎಂಬ ವಿಜ್ಞಾನಿ ಈ ಹೆಸರಿಟ್ಟದ್ದು ಜಿರಾಫೆಯೊಂದರ ಯಕೃತ್ತಿನಲ್ಲಿ ಸಿಕ್ಕ ಹುಳುಗಳನ್ನು ನೋಡಿ. ನಮ್ಮ ಗದ್ದೆಯ ಬದುವಿನ ಶತ್ರುವಿಗೆ ಜಿರಾಫೆಯ ಮೂಲಕ ಹೆಸರು ಬಂತೆಂಬುದು ನನಗೆ ಇಂದಿಗೂ ಸೋಜಿಗ.

ನಂಟು ತಿಳಿಯಲು ವೀರ್ಯಾಣುವೇ ಏಕೆ ಬೇಕು ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಿದ್ದರು. ಪರಾವಲಂಬಿಯ ಹೊರರೂಪವನ್ನು ನಂಬುವುದು ಕಷ್ಟ. ಒಂದು ಪ್ರಾಣಿಯ ಕರುಳಿನಲ್ಲೋ ಪಿತ್ತನಾಳದಲ್ಲೋ ವಾಸ ಹೂಡಿದ ಹುಳು ಕಣ್ಣನ್ನು ಬಿಡುತ್ತದೆ, ಮೈಮೇಲಿನ ರೋಮಗಳನ್ನು ಬಿಡುತ್ತದೆ, ಅಂಟುಬಟ್ಟಲುಗಳನ್ನೂ ಕೊಕ್ಕೆಗಳನ್ನೂ ಬೆಳೆಸಿಕೊಳ್ಳುತ್ತದೆ. ಲಾಡಿ ಹುಳುವಂತೂ ಬಾಯಿ, ಕರುಳುಗಳನ್ನೇ ಬಿಟ್ಟಿದೆ. ಒಂದೇ ಬಗೆಯ ಬಾಳು ಬೇರೆ ಬೇರೆ ಮೂಲದವರನ್ನೂ ಒಂದೇ ರೂಪಕ್ಕೆ ತರಬಲ್ಲದು. ವೀರ್ಯಾಣು ಮಾತ್ರ ಈ ಒತ್ತಡಕ್ಕೆ ಅಷ್ಟಾಗಿ ಸಿಕ್ಕುವುದಿಲ್ಲ. ಅದರ ಒಳಗಿನ ಕಟ್ಟಿನಲ್ಲಿ ಹಳೆಯ ಗುರುತುಗಳು ಉಳಿದಿರುತ್ತವೆ. ಜಾನ್ ಲೂ ಜಸ್ಟೀನ್ ಎಂಬ ಫ್ರೆಂಚ್ ವಿಜ್ಞಾನಿ 1991ರಲ್ಲಿ ಪರಾವಲಂಬಿ ಚಪ್ಪಟೆ ಹುಳುಗಳ ವೀರ್ಯಾಣುಗಳ ಗುರುತುಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾವುದು ನಂಟಿನ ಸಾಕ್ಷಿಯಾದೀತು, ಯಾವುದು ಆಗದು ಎಂದು ಜರಡಿ ಹಿಡಿದಿದ್ದರು. ಆ ಲೇಖನವನ್ನು ನಾನು ಎಷ್ಟು ಸಲ ಓದಿದೆನೆಂದರೆ ಜೆರಾಕ್ಸ್ ಪ್ರತಿಯ ಮಡಿಕೆಗಳು ಹರಿದೇಹೋದವು. ಓದಿದ್ದನ್ನು ನನ್ನ ಕಣ್ಣಿನಿಂದಲೇ ನೋಡಬೇಕು, ಅದೂ ನಮ್ಮ ನೆಲದ ಹುಳುವಿನಲ್ಲಿ ನೋಡಬೇಕು ಎಂಬ ಹಟ ಹುಟ್ಟಿದ್ದು ಆಗ.

ಮಾರ್ಗದರ್ಶಕರು ಒಂದು ಷರತ್ತು ಹಾಕಿದರು. "ಪರಾವಲಂಬಿಯಿಂದ ಶುರು ಮಾಡಬೇಡಿ. ಮೊದಲು ಸ್ವತಂತ್ರವಾಗಿ ಬದುಕುವ ಚಪ್ಪಟೆ ಹುಳುವಿನ ವೀರ್ಯಾಣು ನೋಡಿ. ಯಾವುದಕ್ಕೆ ಹೋಲಿಸಬೇಕೆಂದು ತಿಳಿಯದೆ ಹೋಲಿಸುವುದು ಹೇಗೆ?" ಎಂದರು. ಆ ಮಾತಿನಿಂದ ನನ್ನ ಕೆಲಸ ಆರು ತಿಂಗಳು ಹಿಂದಕ್ಕೆ ಹೋಯಿತು. ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರೂ ಕೊಟ್ಟಿಲ್ಲ.

ಸ್ವತಂತ್ರ ಚಪ್ಪಟೆ ಹುಳುಗಳಿಗೆ ಮಲೆನಾಡಿನಲ್ಲಿ ಬರವಿಲ್ಲ. ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಕಲ್ಲು ಮಗುಚಿದರೆ ಕಂದು ಬಣ್ಣದ, ತ್ರಿಕೋನ ತಲೆಯ, ಎರಡು ಕಣ್ಣುಚುಕ್ಕೆಗಳ ಡುಗೇಸಿಯಾಗಳು ಸಿಗುತ್ತವೆ. ತೋಟದ ಆಳು ಗೌರಕ್ಕ ಅದನ್ನು ಮೊದಲು ಇಂಬಳದ ಮರಿ ಎಂದು ತಿಳಿದು ಸುಣ್ಣ ಹುಡುಕಿದರು. ಅದು ರಕ್ತ ಹೀರುವುದಿಲ್ಲ ಎಂದು ತಿಳಿದ ಮೇಲೆ ಅವರೇ ನನಗಿಂತ ಬೇಗ ಹುಡುಕಿ ಕೊಡುತ್ತಿದ್ದರು. ಹಸಿ ಯಕೃತ್ತಿನ ಸಣ್ಣ ತುಂಡನ್ನು ದಾರಕ್ಕೆ ಕಟ್ಟಿ ಕಲ್ಲುಗಳ ನಡುವೆ ಇಳಿಬಿಟ್ಟು ಅರ್ಧ ಗಂಟೆ ಕಾದರೆ ಹತ್ತಿಪ್ಪತ್ತು ಹುಳುಗಳು ಅದಕ್ಕೆ ಮುತ್ತಿಕೊಂಡಿರುತ್ತಿದ್ದವು.

ಹುಳುಗಳೇನೋ ಸಿಕ್ಕವು. ಅವುಗಳಲ್ಲಿ ವೃಷಣವೇ ಇರಲಿಲ್ಲ! ಜುಲೈಯಿಂದ ಅಕ್ಟೋಬರ್‌ವರೆಗೆ ನಾನು ತೆಗೆದ ಒಂದು ಹುಳುವಿನಲ್ಲೂ ವೀರ್ಯಾಣು ಸಿಗಲಿಲ್ಲ. ಈ ಹುಳುಗಳಲ್ಲಿ ಹಲವು ನಡುವೆ ಹರಿದುಕೊಂಡು ಎರಡಾಗಿಯೇ ಸಂತಾನ ಬೆಳೆಸುತ್ತವೆ. ಹಾಗೆ ಬಾಳುವವು ಜನನಾಂಗಗಳನ್ನು ಬೆಳೆಸುವ ಗೋಜಿಗೇ ಹೋಗುವುದಿಲ್ಲ. ಪುಸ್ತಕದಲ್ಲಿ ಅದನ್ನು ಓದಿದ್ದೆ. ಆದರೆ ನನ್ನ ಹಳ್ಳದಲ್ಲೇ ಹಾಗಿರಬಹುದೆಂದು ಯೋಚಿಸಿರಲಿಲ್ಲ. ಡಿಸೆಂಬರ್ ಚಳಿಯಲ್ಲಿ, ಹಳ್ಳದ ಇನ್ನೂ ಮೇಲಿನ ಭಾಗದಲ್ಲಿ, ಒಂದು ಕಲ್ಲಿನ ತಳದಲ್ಲಿ ಗೌರಕ್ಕ ಒಂದು ವಿಚಿತ್ರವನ್ನು ತೋರಿಸಿದರು. ಸಾಸಿವೆ ಕಾಳಿನಂತಹ ಕಪ್ಪು ಗುಂಡುಗಳು ಸಣ್ಣ ತೊಟ್ಟಿನ ಮೇಲೆ ನಿಂತಿದ್ದವು. ಡುಗೇಸಿಯಾದ ಮೊಟ್ಟೆಕೋಶಗಳು! ಈ ಹುಳುಗಳಲ್ಲಿ ಗಂಡು, ಹೆಣ್ಣು ಎರಡೂ ಅಂಗಗಳು ಒಂದೇ ಮೈಯಲ್ಲಿರುವುದರಿಂದ ಮೊಟ್ಟೆಯಿಟ್ಟ ಹುಳುವಿನಲ್ಲೇ ವೀರ್ಯಾಣುವೂ ಇರುತ್ತದೆ. ಅದು ಹತ್ತಿರದಲ್ಲೇ ಇರಬೇಕು. ಅದೇ ಕಲ್ಲಿನ ಸುತ್ತ ಹನ್ನೊಂದು ಹುಳುಗಳು ಸಿಕ್ಕವು. ಹೊಟ್ಟೆಯ ಕಡೆ ಮಗುಚಿ ಲೆನ್ಸಿನಡಿ ನೋಡಿದರೆ ಬಾಯಿಯ ಹಿಂದೆ ಜನನರಂಧ್ರ ಸ್ಪಷ್ಟವಾಗಿತ್ತು.

ಅಂದು ರಾತ್ರಿ ಮನೆಯ ಮೇಜಿನ ಮೇಲೆ, ಸ್ನೇಹಿತೆಯಿಂದ ಎರವಲು ತಂದ, ಬಣ್ಣ ಹಾಕದೆಯೇ ಪಾರದರ್ಶಕ ಜೀವಿಗಳನ್ನು ತೋರಿಸುವ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಡಿ ಅದರ ವೀರ್ಯಾಣುಗಳನ್ನು ನೋಡಿದೆ. ಗಂಟಲಕೊಳವೆಯ ಎರಡೂ ಬದಿ ವೀರ್ಯನಾಳ ಉಬ್ಬಿ ಚೀಲಗಳಾಗಿರುತ್ತದೆ. ಅದನ್ನು ಸೂಜಿಯಿಂದ ಬಿಡಿಸಿದಾಗ ದಾರದುಂಡೆ ಬಿಚ್ಚಿದಂತೆ ಅವು ಹೊರಬಂದವು. ನಾವು ಪಾಠದಲ್ಲಿ ಚಿತ್ರ ಬರೆಸುವ ವೀರ್ಯಾಣುವಿಗೆ ಗುಂಡು ತಲೆ, ಒಂದೇ ಬಾಲ. ಇಲ್ಲಿ ಹಾಗಿಲ್ಲ. ಮೈ ಒಂದು ಉದ್ದನೆಯ ಎಳೆ. ಅದರ ಒಂದು ತುದಿಯ ಬಳಿಯಿಂದ ಎರಡು ಬಾಲಗಳು, ಅಂದರೆ ಕಶಾಂಗಗಳು, ಬೇರೆ ಬೇರೆಯಾಗಿ ಹೊರಟು ಬೀಸುತ್ತಿದ್ದವು. ಒಂದೇ ಎಳೆ, ಎರಡು ಬಾಲ! ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಎಷ್ಟೊಂದು ಅವಸರ ಇವಕ್ಕೆ" ಎಂದರು.

ಜನವರಿಯಲ್ಲಿ ಹಾಸನದ ಸರದಿ ಬಂತು. ಪಿತ್ತನಾಳವನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಹುಳುಗಳನ್ನು ಎತ್ತಿ ಫ್ಲಾಸ್ಕಿನ ಬಿಸಿ ಉಪ್ಪುನೀರಿಗೆ ಹಾಕುತ್ತಿದ್ದೆ. ಹಾಕಿದ ಸ್ವಲ್ಪ ಹೊತ್ತಿಗೆ ಅವು ಕರುಳಿನಲ್ಲಿದ್ದ ಕಪ್ಪು ದ್ರವವನ್ನು ಕಾರಿಕೊಳ್ಳುತ್ತವೆ. ಎರಡು ಮೂರು ಸಲ ನೀರು ಬದಲಿಸಬೇಕು. ನನಗೆ ಒಂದು ಭಯವಿತ್ತು. ಏಷ್ಯಾದ ಕೆಲವೆಡೆ, ಮುಖ್ಯವಾಗಿ ಜಪಾನ್, ಕೊರಿಯಾಗಳಲ್ಲಿ, ಇದೇ ಕುಲದ ಹುಳುಗಳಲ್ಲಿ ವೀರ್ಯಾಣುವೇ ಆಗದ ಬಗೆಗಳಿವೆ. ಸಾಮಾನ್ಯ ಹುಳುವಿನಲ್ಲಿ 20 ವರ್ಣತಂತುಗಳಿದ್ದರೆ ಅಂಥವುಗಳಲ್ಲಿ ಹಲವಕ್ಕೆ ಹತ್ತರಂತೆ ಮೂರು ಗುಂಪಿನ ಲೆಕ್ಕದಲ್ಲಿ 30 ಇರುತ್ತವೆ. ಅವು ವೀರ್ಯಾಣುವಿನ ನೆರವಿಲ್ಲದೆ ಮೊಟ್ಟೆ ಬೆಳೆಸುತ್ತವೆ. ಹಳ್ಳದ ಹುಳುವಿನಲ್ಲಿ ಪೆಟ್ಟು ತಿಂದಿದ್ದ ನನಗೆ ಇಲ್ಲಿಯೂ ಹಾಗೇ ಆದರೆ ಎಂಬ ಆತಂಕ. ಹೊಟ್ಟೆಯ ಅಂಟುಬಟ್ಟಲಿನ ಮುಂದಿರುವ ವೀರ್ಯಕೋಶವನ್ನು ಮೊದಲು ಬಿಡಿಸಿ ನೋಡಿದೆ. ತುಂಬಿ ತುಳುಕುತ್ತಿತ್ತು. ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಎರಡು ನಿಮಿಷ ಸುಧಾರಿಸಿಕೊಂಡೆ.

ಆದರೆ ಆ ವೀರ್ಯಾಣುಗಳನ್ನು ಫೇಸ್ ಕಾಂಟ್ರಾಸ್ಟಿನಡಿ ಎಷ್ಟು ನೋಡಿದರೂ ಬಾಲವಿಲ್ಲ. ಎರಡೂ ಇಲ್ಲ, ಒಂದೂ ಇಲ್ಲ. ಎರಡೂ ತುದಿ ಚೂಪಾದ ಒಂದು ಎಳೆ, ಮೈಯೆಲ್ಲ ಅಲೆಅಲೆಯಾಗಿ ಬಳುಕುತ್ತ ಸಾಗುತ್ತಿತ್ತು, ಅಷ್ಟೇ. ಹಳ್ಳದ ಹುಳುವಿನ ಎರಡು ಬಾಲಗಳು ಇಲ್ಲಿ ಎಲ್ಲಿ ಹೋದವು? ಉತ್ತರ ಪುಸ್ತಕದಲ್ಲಿತ್ತು, ನನಗೂ ಗೊತ್ತಿತ್ತು. ಬಾಲಗಳು ಮಾಯವಾಗಿಲ್ಲ, ಮೈಯೊಳಗೆ ಸೇರಿಕೊಂಡಿವೆ. ಅದನ್ನು ನೋಡಲು ಬೆಳಕಿನ ಸೂಕ್ಷ್ಮದರ್ಶಕ ಸಾಲದು. ಒಂದು ಕಶಾಂಗದ ಒಳಗಂಬದ ದಪ್ಪ ಸುಮಾರು 200 ನ್ಯಾನೊಮೀಟರ್. ಬೆಳಕಿನಿಂದ ಬಿಡಿಸಿ ನೋಡಬಹುದಾದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಅದರೊಳಗಿನ ಒಂದೊಂದು ಸೂಕ್ಷ್ಮನಳಿಕೆ 25 ನ್ಯಾನೊಮೀಟರ್ ಮಾತ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕೇಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕು.

ಮೊದಲ ಸಲದ ಸೋಲಿನ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಕೆಲಸಕ್ಕೆ ಇಳಿಯುವ ಇನ್ನೊಬ್ಬರಿಗೆ ಉಪಯೋಗವಾದೀತು. ಆ ದಿನ ಹುಳುಗಳನ್ನು ಉಪ್ಪುನೀರಿನಲ್ಲೇ ಚಿಕ್ಕಮಗಳೂರಿಗೆ ತಂದೆ. ಕುರಿಯ ಮೈಯೊಳಗೆ ಸುಮಾರು 39 ಡಿಗ್ರಿ ಶಾಖದಲ್ಲಿದ್ದ ಹುಳು ದಾರಿಯಲ್ಲಿ ತಣ್ಣಗಾಗುತ್ತ ಬಂದಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಇದ್ದ ಹಾಗೇ ಹಿಡಿದಿಡುವ 2.5 ಶೇಕಡಾ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸಿದ್ದು ಮೂರೂವರೆ ಗಂಟೆ ತಡವಾಗಿ. ತುಂಡುಗಳನ್ನೂ ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿದ್ದೆ. ಗ್ಲುಟರಾಲ್ಡಿಹೈಡ್ ಅಂಗಾಂಶದೊಳಗೆ ಬಹಳ ನಿಧಾನವಾಗಿ ಇಳಿಯುತ್ತದೆ. ಅದು ನಡುಭಾಗ ತಲುಪುವ ಮೊದಲೇ ಅಲ್ಲಿನ ಜೀವಕೋಶಗಳು ಕೊಳೆಯಲು ಶುರುವಾಗಿರುತ್ತವೆ. ಬೆಂಗಳೂರಿನಲ್ಲಿ ಪೊರೆಗಳನ್ನು ಉಳಿಸಲು ಆಸ್ಮಿಯಂ, ನೀರು ತೆಗೆಯಲು ಆಲ್ಕೊಹಾಲ್, ತುಂಡನ್ನು ಹುದುಗಿಸಿ ಗಟ್ಟಿ ಮಾಡಲು ರಾಳ, 60 ಡಿಗ್ರಿಯ ಒಲೆಯಲ್ಲಿ ಎರಡು ದಿನ ಎಲ್ಲವೂ ಕ್ರಮಪ್ರಕಾರವೇ ನಡೆದವು. ಕೊನೆಗೆ ಹಸಿರು ಪರದೆಯ ಮೇಲೆ ಕಂಡದ್ದು ಹರಿದ ಜಾಳಿಗೆಯಂತಹ ಪೊರೆಗಳು, ಊದಿಕೊಂಡ ಮೈಟೊಕಾಂಡ್ರಿಯಗಳು, ತೂತುಗಳು. ಯಂತ್ರ ನಡೆಸುತ್ತಿದ್ದವರು ಅನುಭವಸ್ಥರು. ಬಹಳ ಮೆತ್ತಗೆ ಹೇಳಿದರು: "ಮೇಡಂ, ನಿಮ್ಮ ಹುಳು ಸತ್ತ ಮೇಲೆ ಇಲ್ಲಿಗೆ ಬಂದಿದೆ. ಅದು ಸಾಯುವ ಮೊದಲೇ ನೀವು ಅದನ್ನು ನಿಲ್ಲಿಸಬೇಕು." ನಾಲ್ಕು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು. ವಾಪಸು ಬರುವ ರಾತ್ರಿ ಬಸ್ಸಿನಲ್ಲಿ ಹಾಸನದವರೆಗೂ ನಿದ್ದೆ ಬರಲಿಲ್ಲ.

ಎರಡನೆಯ ಸಲ ಪ್ರಯೋಗಾಲಯವನ್ನೇ ಅಂಗಡಿಯ ಹಿಂಭಾಗಕ್ಕೆ ಒಯ್ದೆ. ಭಾಯಿ ಒಂದು ಮೇಜು ಖಾಲಿ ಮಾಡಿಕೊಟ್ಟು, ಅದರ ಮೇಲೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿದರು. ಹುಳು ಪಿತ್ತನಾಳದಿಂದ ಹೊರಬಂದ ಹತ್ತು ನಿಮಿಷದೊಳಗೆ, ಗ್ಲುಟರಾಲ್ಡಿಹೈಡಿನ ಹನಿಯೊಳಗೇ ಹೊಸ ಬ್ಲೇಡಿನಿಂದ ಕತ್ತರಿಸಿದೆ. ಒಂದು ಮಿಲಿಮೀಟರಿಗಿಂತ ದೊಡ್ಡ ತುಂಡನ್ನು ಇಟ್ಟುಕೊಳ್ಳಲಿಲ್ಲ. ವೃಷಣ ಈ ಹುಳುವಿನಲ್ಲಿ ಮರದ ಕೊಂಬೆಗಳಂತೆ ಕವಲೊಡೆದು ನಡುಮೈಯನ್ನು ತುಂಬಿರುತ್ತದೆ. ಬೆಳೆಯುತ್ತಿರುವ ವೀರ್ಯಾಣು ಬೇಕಿದ್ದರೆ ಅಲ್ಲಿಂದ, ಬಲಿತದ್ದು ಬೇಕಿದ್ದರೆ ವೀರ್ಯಕೋಶದಿಂದ. ಎರಡನ್ನೂ ಬೇರೆ ಬೇರೆ ಸೀಸೆಗಳಿಗೆ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಅಲ್ಲಿಂದಲೇ ಬೆಂಗಳೂರಿನ ಬಸ್ಸು ಹತ್ತಿದೆ. ಈ ಕೆಲಸದ ರಾಸಾಯನಿಕಗಳ ವಿಷಯದಲ್ಲಿ ಒಂದು ಮಾತು: ದ್ರಾವಣದ ಆಮ್ಲತೆಯನ್ನು ಹದದಲ್ಲಿಡುವ ಬಫರಿನಲ್ಲಿ ಆರ್ಸೆನಿಕ್ ಇರುತ್ತದೆ, ಆಸ್ಮಿಯಮ್ಮಿನ ಆವಿ ಕಣ್ಣಿಗೇ ಹಾನಿ ಮಾಡುತ್ತದೆ. ಕೈಗವಸಿಲ್ಲದೆ, ಹೊಗೆ ಹೀರುವ ಕಪಾಟಿಲ್ಲದೆ ಯಾರೂ ಇದಕ್ಕೆ ಕೈ ಹಾಕಬಾರದು.

ರಾಳದ ಗಟ್ಟಿಯನ್ನು ಕತ್ತರಿಸುವುದು ಕಲಿಯಲು ನನಗೆ ಮೂರು ವಾರ ಹಿಡಿಯಿತು. ಗಾಜನ್ನು ಮುರಿದು ಮಾಡಿದ ಚಾಕು, ಅದರ ಬೆನ್ನಿಗೆ ನೀರು ತುಂಬಿದ ಪುಟ್ಟ ದೋಣಿ. ಸುಮಾರು 60 ನ್ಯಾನೊಮೀಟರ್ ತೆಳುವಿನ ಹಲ್ಲೆಗಳು ಒಂದರ ಹಿಂದೊಂದು ನೀರಿನ ಮೇಲೆ ತೇಲುತ್ತ ಬರುತ್ತವೆ. ದಪ್ಪವನ್ನು ಅಳೆಯುವುದು ಬಣ್ಣದಿಂದ: ಬೆಳ್ಳಿಯ ಬಣ್ಣ ಬಂದರೆ ಸರಿ, ಚಿನ್ನದ ಬಣ್ಣವಾದರೆ ತುಸು ದಪ್ಪ, ನೇರಳೆಯಾದರೆ ಎಸೆಯಬೇಕು. ತೇಲುವ ಹಲ್ಲೆಗಳನ್ನು ಹತ್ತಿರ ಸರಿಸಲು ಬಳಸುವುದು ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲು. ಅಷ್ಟು ಬೆಲೆಯ ಯಂತ್ರದ ಪಕ್ಕದಲ್ಲಿ ನನ್ನದೇ ರೆಪ್ಪೆಗೂದಲು ಉಪಕರಣವಾಗಿ ಕುಳಿತದ್ದು ನೋಡಿ ಹೆಮ್ಮೆಯಾಯಿತು. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಹಲ್ಲೆಗಳನ್ನು ಎತ್ತಿಕೊಂಡು, ಯುರೇನಿಯಂ ಮತ್ತು ಸೀಸದ ಲವಣಗಳಿಂದ ಬಣ್ಣ ಕಟ್ಟಿ ಯಂತ್ರದೊಳಗೆ ಇಡಬೇಕು.

ವೀರ್ಯಕೋಶದ ಹಲ್ಲೆ ಮೊದಲು. ಕತ್ತಲೆ ಕೋಣೆ, ಹಸಿರು ಪರದೆ. ನೂರಾರು ವೀರ್ಯಾಣುಗಳು ಅಡ್ಡಲಾಗಿ ಕತ್ತರಿಸಿಕೊಂಡು ಮೊಳಕೆಕಾಳು ಹರಡಿದಂತೆ ಬಿದ್ದಿದ್ದವು. ಒಂದನ್ನು ದೊಡ್ಡದು ಮಾಡಿದೆ. ಮೈಯ ಅಂಚಿನಲ್ಲಿ ಸೂಕ್ಷ್ಮನಳಿಕೆಗಳ ಸಾಲು, ಒಳಗೆ ಕಡುಗಪ್ಪು ಕೋಶಕೇಂದ್ರ, ಪಕ್ಕದಲ್ಲಿ ಮೈಟೊಕಾಂಡ್ರಿಯ, ಮತ್ತು ಎರಡು ಚಕ್ರಗಳು. ಎರಡು! ಹಳ್ಳದ ಹುಳುವಿನಲ್ಲಿ ಹೊರಗೆ ಬೀಸುತ್ತಿದ್ದ ಎರಡು ಬಾಲಗಳು ಇಲ್ಲಿ ಒಂದೇ ಪೊರೆಯೊಳಗೆ ಅಕ್ಕಪಕ್ಕ ಮಲಗಿದ್ದವು. ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆ. ಹೊರವೃತ್ತದಲ್ಲಿ ಜೋಡಿನಳಿಕೆಗಳು ಒಂಬತ್ತು.

ಒಂಬತ್ತಕ್ಕಿಂತ ಮುಖ್ಯವಾದದ್ದು ನಡುವಿನಲ್ಲಿತ್ತು. ನಮ್ಮ ಮನುಷ್ಯರ ವೀರ್ಯಾಣುವಿನ ಬಾಲದಲ್ಲಿ, ನಮ್ಮ ಶ್ವಾಸನಾಳದ ರೋಮಗಳಲ್ಲಿ, ಅಷ್ಟೇಕೆ, ನಮ್ಮ ಮನೆಯ ಹಿತ್ತಿಲ ಗೋಡೆಗೆ ಹಬ್ಬುವ ಹಾವಸೆಯ ಗಂಡುಕೋಶದ ಬಾಲದಲ್ಲೂ ನಡುವೆ ಎರಡು ಒಂಟಿ ನಳಿಕೆಗಳಿರುತ್ತವೆ. ಅದನ್ನು 9+2 ಎನ್ನುತ್ತಾರೆ. ಗಿಡ ಮತ್ತು ಪ್ರಾಣಿಗಳೆರಡರಲ್ಲೂ ಇಷ್ಟು ಬದಲಾಗದೆ ಉಳಿದ ಕಟ್ಟು ಬಹಳ ಕಡಿಮೆ. ನನ್ನ ಪರದೆಯ ಮೇಲಿನ ಚಕ್ರದ ನಡುವೆ ಆ ಎರಡು ನಳಿಕೆಗಳು ಇರಲಿಲ್ಲ. ಬದಲಿಗೆ ಒಂದೇ ಒಂದು ಕಂಬ: ನಡುವೆ ಕಪ್ಪು ಬಿಂದು, ಅದರ ಸುತ್ತ ತಿಳಿಯಾದ ವಲಯ, ಅದರಾಚೆ ಮತ್ತೊಂದು ಕಪ್ಪು ಉಂಗುರ, ಅಲ್ಲಿಂದ ಒಂಬತ್ತೂ ಕಡೆಗೆ ಕಡ್ಡಿಗಳು. ಎತ್ತಿನಗಾಡಿಯ ಚಕ್ರವನ್ನು ಎದುರಿನಿಂದ ನೋಡಿದಂತೆ. ಉದ್ದಕ್ಕೆ ಕತ್ತರಿಸಿಕೊಂಡ ಕಡೆಗಳಲ್ಲಿ ಆ ಕಂಬ ಹೊಸೆದ ಹಗ್ಗದಂತೆ ಸುರುಳಿಯಾಗಿ ಕಾಣುತ್ತದೆ. ಅದು ನಳಿಕೆಯೇ ಅಲ್ಲ. ನಳಿಕೆಗಳನ್ನು ಕಟ್ಟುವ ಟ್ಯೂಬುಲಿನ್ ಎಂಬ ಪ್ರೋಟೀನನ್ನು ಹುಡುಕಿ ಅಂಟುವ ಪ್ರತಿಕಾಯಗಳು ಈ ಕಂಬಕ್ಕೆ ಅಂಟುವುದಿಲ್ಲ. ಅದಕ್ಕಾಗಿಯೇ ಬರೆಯುವಾಗ 9+'1' ಎಂದು ಒಂದನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತಾರೆ. ಜರ್ಮನಿಯ ಉಲ್ರಿಚ್ ಎಹ್ಲರ್ಸ್ 1984ರಲ್ಲಿ ಈ ಸುರುಳಿಗಂಬವಿರುವ ಚಪ್ಪಟೆ ಹುಳುಗಳನ್ನೆಲ್ಲ ಒಂದೇ ವಂಶಕ್ಕೆ ಸೇರಿಸಿ ಟ್ರೆಪಾಕ್ಸೊನಿಮಾಟಾ ಎಂದು ಹೆಸರಿಟ್ಟರು. ನನ್ನ ಹಳ್ಳದ ಡುಗೇಸಿಯಾವೂ ಅದೇ ವಂಶ. ಹೊರಗೆ ಎಷ್ಟೇ ಬೇರೆಯಾಗಿ ಕಂಡರೂ ತೋಟದ ಹಳ್ಳದ ಹುಳುವೂ ಕೆಂಪಿಯನ್ನು ಕೊಂದ ಹುಳುವೂ ದಾಯಾದಿಗಳು ಎಂಬುದಕ್ಕೆ ಸಾಕ್ಷಿ ಪರದೆಯ ಮೇಲೆ ಹೊಳೆಯುತ್ತಿತ್ತು.

ಇದು ಹೊಸ ಶೋಧವಲ್ಲ. ಇದೇ ಜಾತಿಯ ಹುಳುವಿನ ವೀರ್ಯಾಣುವನ್ನು ಸೆನೆಗಲ್, ಫ್ರಾನ್ಸ್ ಮತ್ತು ಸ್ಪೇನಿನ ವಿಜ್ಞಾನಿಗಳು 2004ರಲ್ಲಿಯೇ ವಿವರಿಸಿದ್ದಾರೆ. ಆಫ್ರಿಕಾದ ದನದಲ್ಲಿ ಅವರು ಕಂಡದ್ದನ್ನೇ ಹಾಸನದ ಕುರಿಯಲ್ಲಿ ನಾನೂ ಕಂಡೆ. ಹೀಗೆ ಬೇರೆ ಬೇರೆ ಕಡೆ ನೋಡಿ ತಾಳೆಯಾಗುವುದಕ್ಕೂ ಬೆಲೆಯಿದೆ ಎಂದು ನಾನು ನಂಬುತ್ತೇನೆ.

ನನಗೆ ನಿಜವಾಗಿ ಬೇಕಿದ್ದದ್ದು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಬಾಲಗಳು ಒಳಗಿವೆ ಸರಿ, ಆದರೆ ಒಳಗೆ ಬಂದದ್ದು ಹೇಗೆ? ಅದನ್ನು ತಿಳಿಯಲು ಬಲಿತ ವೀರ್ಯಾಣು ಸಾಲದು, ಆಗುತ್ತಿರುವುದನ್ನು ಹಿಡಿಯಬೇಕು. ವೃಷಣದ ಅಂಚಿನಲ್ಲಿರುವ ಒಂದು ಮೂಲಕೋಶ ಮೂರು ಸಲ ಇಬ್ಭಾಗವಾಗಿ ಎಂಟಾಗುತ್ತದೆ. ಆ ಎಂಟು, ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಮಯೋಸಿಸ್ ಎಂಬ ವಿಭಜನೆಯ ಎರಡು ಹಂತ ದಾಟಿ ಹದಿನಾರು, ಮೂವತ್ತೆರಡು ಆಗುತ್ತವೆ. ಆ ಮೂವತ್ತೆರಡೂ ಪೂರ್ತಿ ಬೇರ್ಪಡದೆ, ನಡುವಿನ ಒಂದು ತುಣುಕಿಗೆ ಅಂಟಿಕೊಂಡು ಸೇವಂತಿಗೆ ಹೂವಿನ ಎಸಳುಗಳಂತೆ ಸುತ್ತ ನಿಲ್ಲುತ್ತವೆ. ಅಸಿಟೊಕಾರ್ಮೈನ್ ಎಂಬ ಬಣ್ಣ ಹಾಕಿ ಜಜ್ಜಿದ ಸ್ಲೈಡಿನಲ್ಲಿ ಈ ಹೂವುಗಳನ್ನು ಚಿಕ್ಕಮಗಳೂರಿನಲ್ಲೇ ನೋಡಿದ್ದೆ. ಬಾಲ ಮೂಡುವುದು, ಸೇರುವುದು ಎಲ್ಲವೂ ನಡೆಯುವುದು ಆ ಎಸಳುಗಳ ಹೊರತುದಿಯಲ್ಲಿ. 60 ನ್ಯಾನೊಮೀಟರಿನ ಹಲ್ಲೆ ಸರಿಯಾಗಿ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಬೀಳಬೇಕು.

ಹದಿನಾಲ್ಕು ಜಾಲರಿಗಳನ್ನು ನೋಡಿದೆ. ಬೆಂಗಳೂರಿಗೆ ಐದು ಸಲ ಹೋಗಿ ಬಂದೆ. ಹೋದಾಗಲೆಲ್ಲ ಒಂದೊಂದು ತುಣುಕು ಸಿಗುತ್ತಿತ್ತು. ಒಂದರಲ್ಲಿ ಬಾಲಗಳು ಮೂಡುವ ಎರಡು ಮೂಲಬಿಂದುಗಳು, ಅವುಗಳ ನಡುವೆ ಪದರಪದರವಾದ ಗಟ್ಟಿ ತುಂಡು. ಇನ್ನೊಂದರಲ್ಲಿ ಒಂದು ಕಶಾಂಗ ಅಡ್ಡಲಾಗಿ ಹೊರಟದ್ದು. ಐದನೆಯ ಸಲ, ಊಟದ ಹೊತ್ತಿಗೆ ಸ್ವಲ್ಪ ಮೊದಲು, ಜಾಲರಿಯ ಒಂದು ಕಿಂಡಿಯ ಮೂಲೆಯಲ್ಲಿ ಅದು ಕಂಡಿತು. ನಡುವೆ ಕೋಶರಸದ ಒಂದು ಚಾಚು. ಅದರ ಎಡಕ್ಕೊಂದು, ಬಲಕ್ಕೊಂದು ಕಶಾಂಗ, ಎರಡೂ ಇನ್ನೂ ತಮ್ಮದೇ ಪೊರೆಯೊಳಗೆ ಬೇರೆಯಾಗಿ. ನಡುವಿನ ಚಾಚಿನಲ್ಲಿ ನಾಲ್ಕು ಕಡೆ ಕಪ್ಪನೆಯ ಗುರುತು: ಬಾಲಗಳು ಬಂದು ಬೆಸೆದುಕೊಳ್ಳಬೇಕಾದ ಜಾಗಗಳು, ಮೊದಲೇ ಗುರುತು ಹಾಕಿಟ್ಟಂತೆ. ಅದರ ಪಕ್ಕದಲ್ಲೇ, ಅದೇ ಹೂವಿನ ಇನ್ನೊಂದು ಎಸಳಿನಲ್ಲಿ, ಒಂದು ಕಶಾಂಗ ಬೆಸೆದುಕೊಂಡಾಗಿತ್ತು, ಇನ್ನೊಂದು ಇನ್ನೂ ಹೊರಗಿತ್ತು. ಬೆಸುಗೆ ಬುಡದಿಂದ ಆರಂಭವಾಗಿ ತುದಿಯ ಕಡೆಗೆ ಸಾಗುತ್ತದೆ. ಆಮೇಲೆ ಕೋಶಕೇಂದ್ರವೂ ಮೈಟೊಕಾಂಡ್ರಿಯವೂ ಆ ಚಾಚಿನೊಳಗೆ ಜಾರಿ ಬರುತ್ತವೆ. ಕೊನೆಗೆ ಬುಡದಲ್ಲಿರುವ ಪೊರೆಯ ಉಂಗುರ ಬಿಗಿದು, ವೀರ್ಯಾಣು ಕಳಚಿಕೊಳ್ಳುತ್ತದೆ. ನಾನು ಹಿಡಿದದ್ದು ಅದರ ನಡುವಿನ ಒಂದೇ ಕ್ಷಣ. ನನ್ನ ಕಣ್ಣು ಒದ್ದೆಯಾಗಿತ್ತು. ಯಂತ್ರ ನಡೆಸುವವರು ಸುಮ್ಮನೆ ಎದ್ದು ಹೋಗಿ ನೀರು ತಂದುಕೊಟ್ಟರು.

ಆ ಒಂದು ಚಿತ್ರಕ್ಕೆ ನಾನು ಇಷ್ಟು ಬೆಲೆ ಕೊಡಲು ಕಾರಣವಿದೆ. ಎರಡು ಬಾಲಗಳು ಮೈಯೊಳಗೆ ಸೇರಿಕೊಂಡ ವೀರ್ಯಾಣು ಇನ್ನೊಂದು ಗುಂಪಿನಲ್ಲೂ ಇದೆ, ಅವು ಅಸೀಲಗಳೆಂಬ ಸಮುದ್ರದ ಪುಟ್ಟ ಹುಳುಗಳು. ಬಹುಕಾಲ ಅವನ್ನೂ ಚಪ್ಪಟೆ ಹುಳುಗಳೆಂದೇ ಎಣಿಸುತ್ತಿದ್ದರು. ಕೊನೆಯ ರೂಪವನ್ನಷ್ಟೇ ನೋಡಿದರೆ ನಂಟು ಕಟ್ಟಬಹುದು. ಆದರೆ ಬಾಲ ಒಳಗೆ ಸೇರುವ ದಿಕ್ಕು ಅಲ್ಲಿ ತಿರುಗುಮುರುಗು, ತುದಿಯಿಂದ ಬುಡದ ಕಡೆಗೆ. ಮನೆಗೆ ಹೊಕ್ಕವರಿಬ್ಬರೂ ಒಳಗೇ ಕುಳಿತಿದ್ದಾರೆ ನಿಜ, ಆದರೆ ಒಬ್ಬರು ಮುಂಬಾಗಿಲಿನಿಂದ, ಇನ್ನೊಬ್ಬರು ಹಿತ್ತಿಲಿನಿಂದ ಬಂದವರು. 1999ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಅಸೀಲಗಳು ಚಪ್ಪಟೆ ಹುಳುಗಳೇ ಅಲ್ಲ, ಪ್ರಾಣಿವಂಶದ ಬಹಳ ಹಳೆಯ ಬೇರೊಂದು ಕವಲಿನವು ಎಂದು ತಿಳಿಯಿತು. ಎಹ್ಲರ್ಸ್ 1985ರಲ್ಲಿ ನಿಯೊಡರ್ಮಾಟಾ ಎಂದು ಹೆಸರಿಟ್ಟ ಗುಂಪಿನಲ್ಲಿ ಯಕೃತ್ತಿನ ಹುಳು, ಲಾಡಿ ಹುಳು, ಮೀನಿನ ಕಿವಿರಿಗೆ ಅಂಟುವ ಹುಳು ಎಲ್ಲವೂ ಸೇರಿವೆ. ಮರಿಯ ರೋಮದ ಚರ್ಮವನ್ನು ಕಳಚಿ ಹೊಸ ಚರ್ಮ ತೊಡುವುದರಿಂದ ಆ ಹೆಸರು. ಇವುಗಳಲ್ಲಿ ಬಾಲ ಬುಡದಿಂದ ತುದಿಗೆ ಬೆಸೆಯುತ್ತದೆ. ಡಿಎನ್‌ಎ ಕೂಡ ಈ ಗುಂಪನ್ನು ಒಂದೇ ಪೂರ್ವಜನ ಸಂತಾನವೆಂದು ಒಪ್ಪುತ್ತದೆ. ಅಂದರೆ ಪ್ರಾಣಿಯೊಂದರ ಮೈಯಲ್ಲಿ ನೆಲೆಸುವ ಬಾಳನ್ನು ಈ ಇಡೀ ಗುಂಪಿಗಾಗಿ ಒಂದೇ ಒಂದು ಪೂರ್ವಜ ಆರಿಸಿಕೊಂಡಿರಬೇಕು.

ಎಲ್ಲವೂ ಇಷ್ಟು ಸರಳವಾಗಿಲ್ಲ ಎನ್ನುವುದನ್ನೂ ಹೇಳಬೇಕು. ದನಗಳಿಗೆ ಗೊರಕೆ ರೋಗ ತರುವ ಷಿಸ್ಟೊಸೋಮಾ ಎಂಬ ಪರಾವಲಂಬಿ ಚಪ್ಪಟೆ ಹುಳುಗಳ ವೀರ್ಯಾಣು ಈ ಮಾದರಿಗೆ ಒಗ್ಗುವುದಿಲ್ಲ. ಚಪ್ಪಟೆ ಹುಳುಗಳ ವಂಶದಲ್ಲಿ ಮೊದಲೇ ಕವಲೊಡೆದ ಕೆಲವು ಸ್ವತಂತ್ರ ಹುಳುಗಳ ವೀರ್ಯಾಣುವಿಗೆ ಬಾಲವೇ ಇಲ್ಲ. ಒಂದು ಬಾಲವನ್ನು ಕಳೆದುಕೊಂಡವಂತೂ ಬೇರೆ ಬೇರೆ ಕವಲುಗಳಲ್ಲಿವೆ. ಕಳೆದುಕೊಂಡದ್ದನ್ನು ನಂಟಿನ ಸಾಕ್ಷಿಯಾಗಿ ಹಿಡಿಯಲು ನನಗೆ ಧೈರ್ಯವಿಲ್ಲ. ಇಬ್ಬರ ಮನೆಯಲ್ಲೂ ಚೊಂಬು ಇಲ್ಲವೆಂದರೆ ಅವರು ಅಣ್ಣತಮ್ಮಂದಿರು ಎಂದು ಹೇಳಲಾದೀತೇ? ಇಬ್ಬರ ಮನೆಯಲ್ಲೂ ಒಂದೇ ಅಚ್ಚಿನ, ಒಂದೇ ಕೈ ಮಾಡಿದ ಚೊಂಬು ಇದ್ದರೆ ವಿಚಾರಿಸಬೇಕು. ಸುರುಳಿಗಂಬ ಅಂತಹ ಚೊಂಬು.

ಚಿತ್ರವನ್ನು ಮುದ್ರಿಸಿ ಊರಿಗೆ ಒಯ್ದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿನಲ್ಲಿ ಹಿಡಿದು ನೋಡಿದರು. ಯಾವುದು ಬಾಲ, ಯಾವುದು ಮೈ ಎಂದು ಬೆರಳಿಟ್ಟು ಕೇಳಿದರು. ಹೇಳಿದೆ. "ಇಷ್ಟು ಅಚ್ಚುಕಟ್ಟಾಗಿ ಕಟ್ಟಿಕೊಂಡಿದೆಯಲ್ಲ" ಎಂದು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಭಾಯಿಗೂ ಒಂದು ಪ್ರತಿ ಕೊಟ್ಟೆ. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ.

ಹೋದ ತಿಂಗಳು ಅವರು ಕಲೀಜದ ಜೊತೆಗೆ ಕರುಳನ್ನೂ ಎತ್ತಿಟ್ಟಿದ್ದರು. ಅದರಲ್ಲಿ ಮೊನೀಜಿಯಾ ಎಂಬ ಲಾಡಿ ಹುಳುಗಳಿದ್ದವು, ಬಿಳಿಯ ರಿಬ್ಬನ್ನಿನಂತೆ ಮೊಳಗಟ್ಟಲೆ ಉದ್ದ. ಅದರ ವೀರ್ಯಾಣುವಿನಲ್ಲಿ ಚಕ್ರ ಒಂದೇ, ಮೈಟೊಕಾಂಡ್ರಿಯವೇ ಇಲ್ಲ ಎಂದು ಓದಿದ್ದೇನೆ. ಬಲಿತ ಖಂಡಗಳನ್ನು ಅಲ್ಲೇ ಮೇಜಿನ ಮೇಲೆ ಒಂದು ಮಿಲಿಮೀಟರ್ ತುಂಡುಗಳಾಗಿ ಕತ್ತರಿಸಿ ದ್ರಾವಣಕ್ಕೆ ಹಾಕಿದೆ. ರಾಳದ ಗಟ್ಟಿಗಳು ಸಿದ್ಧವಾಗಿವೆ. ಎರಡನೆಯ ಬಾಲ ಬೆಳವಣಿಗೆಯ ಯಾವುದಾದರೂ ಹಂತದಲ್ಲಿ ಒಂದಿಷ್ಟಾದರೂ ಮೊಳೆಯುತ್ತದೆಯೇ ಎಂದು ನೋಡಬೇಕು. ದಸರಾ ರಜೆಗೆ ಬೆಂಗಳೂರಿನ ಯಂತ್ರದಲ್ಲಿ ನಾಲ್ಕು ದಿನ ಕಾಯ್ದಿರಿಸಿದ್ದೇನೆ.